ಜೇನಿಗೆ ಹೇಳದೆ ಉಳಿದ ಮಾತು

ನನ್ನ ನಾಲ್ಕನೇ ತರಗತಿಯ ತಿಂಕಾರಾ ಆ ವರ್ಷ ಮಾರ್ಚ್ ಹೊತ್ತಿಗೆ, ಅಜ್ಜನ ಜೇನುಗಳೆಲ್ಲ ತನ್ನಿಂದಲೇ ಸಾಯುತ್ತವೆ ಎಂದು ನಂಬಿಕೊಂಡು ಒಳಗೊಳಗೇ ಬೇಯುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ. ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು, ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದಳು. ಅಜ್ಜನ ನೆನಪಿಗೆ ಹೀಗಾಡುತ್ತಾಳೆ ಎಂದು ಮನೆಯವರು ಸುಮ್ಮನಿದ್ದರು. ಅವಳ ವಿಜ್ಞಾನದ ಟೀಚರ್ ಆದ ನಾನೂ ಹಾಗೇ ಅಂದುಕೊಂಡಿದ್ದೆ. ಆ ಮಗುವಿನ ಎದೆಯ ಮೇಲಿದ್ದ ಕಲ್ಲನ್ನು ಎತ್ತಿಡುವ ಕೆಲಸ ಕೊನೆಗೆ ನನ್ನ ಪಾಲಿಗೇ ಬಂತು. ಅದಕ್ಕೆ ನನ್ನ ಕೈಯಲ್ಲಿದ್ದದ್ದು ಒಂದು ಪಾಠ ಮಾತ್ರ.

ನಮ್ಮ ಸ್ಲೊವೇನಿಯಾದ ಹಳ್ಳಿಗಳಲ್ಲಿ ಜೇನು ಸಾಕಿದವರು ತೀರಿಕೊಂಡರೆ ಮೊದಲು ಪಾದ್ರಿಗೆ ಹೇಳಿ ಕಳಿಸುತ್ತಾರೆ, ಆಮೇಲೆ ಜೇನಿಗೆ. ಮನೆಯವರಲ್ಲಿ ಒಬ್ಬರು ಹೋಗಿ, ಒಂದೊಂದೇ ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, 'ನಿಮ್ಮ ಯಜಮಾನ ಹೋದ. ಇನ್ನು ಮೇಲೆ ನಾವು ನೋಡಿಕೊಳ್ಳುತ್ತೇವೆ' ಎನ್ನಬೇಕು. ಹೇಳದೆ ಬಿಟ್ಟರೆ ಜೇನು ಯಜಮಾನನನ್ನು ಹುಡುಕಿಕೊಂಡು ಹೊರಟು ಅವನ ಹಿಂದೆಯೇ ಹೋಗಿಬಿಡುತ್ತದೆ ಎಂದು ನಂಬಿಕೆ. ಹಸು ಸತ್ತರೆ ಸತ್ತಿತು ಎನ್ನುವ ನಮ್ಮ ಜನ, ಜೇನು ಸತ್ತರೆ ಮಾತ್ರ ತೀರಿಕೊಂಡಿತು ಎನ್ನುತ್ತಾರೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ನಮ್ಮಪ್ಪ ಹೋದಾಗ ನಮ್ಮಮ್ಮ ಹೋಗಿ ಹೇಳಿ ಬಂದಿದ್ದಳು, ನಾನು ಬೇಡ ಎಂದಿರಲಿಲ್ಲ.

ನಮ್ಮ ಶಾಲೆ ಇರುವುದು ಕೋಚೆವ್ಯೇ ಕಾಡಿನ ಅಂಚಿನಲ್ಲಿ. ಸ್ಲೊವೇನಿಯಾದ ಎಷ್ಟೋ ಶಾಲೆಗಳಲ್ಲಿ ಇರುವ ಹಾಗೆ ನಮ್ಮಲ್ಲೂ ಮಕ್ಕಳ ಜೇನು ಬಳಗ ಇದೆ. ಗುರುವಾರ ಪಾಠ ಮುಗಿದ ಮೇಲೆ ಮಕ್ಕಳು ಬೇಲಿ ದಾಟಿ, ತಿಂಕಾರಾಳ ಅಜ್ಜ ಲೊವ್ರೆನ್ಸ್ ಅವರ ಜೇನುಮನೆಗೆ ಹೋಗುತ್ತಿದ್ದರು. ಅದೊಂದು ಮರದ ಪುಟ್ಟ ಮನೆ. ಬಿಸಿಲಿಗೆ ಮುಖ ಮಾಡಿದ ಗೋಡೆಯ ತುಂಬ ಕಪಾಟಿನ ಖಾನೆಗಳ ಹಾಗೆ ಪೆಟ್ಟಿಗೆಗಳು. ಹುಳುಗಳು ಹೊರಗಿನಿಂದ ಹೋಗಿ ಬಂದು ಮಾಡುತ್ತವೆ, ನಾವು ಒಳಗೆ ನಿಂತು ಹಿಂಬಾಗಿಲು ತೆಗೆದು ನೋಡುತ್ತೇವೆ. ಪ್ರತಿ ಪೆಟ್ಟಿಗೆಯ ಮುಂದೆ ಬಣ್ಣ ಬಳಿದ ಹಲಗೆ. ಒಂದರ ಮೇಲೆ ಸಂತರ ಚಿತ್ರ, ಇನ್ನೊಂದರ ಮೇಲೆ ಗಂಡನನ್ನು ಹೆಂಡದಂಗಡಿಯಿಂದ ಎಳೆದೊಯ್ಯುವ ಹೆಂಡತಿ. ತಿಂಕಾರಾಳಿಗೆ ಇಷ್ಟವಾದದ್ದು ಬೇಟೆಗಾರನ ಶವಯಾತ್ರೆ. ಕರಡಿ, ನರಿ, ಮೊಲ, ಜಿಂಕೆ ಎಲ್ಲ ಸೇರಿ ಬೇಟೆಗಾರನ ಹೆಣ ಹೊತ್ತುಕೊಂಡು ಹೋಗುತ್ತಿವೆ, ಮುಂದೆ ಹಕ್ಕಿಯೊಂದು ದೀಪ ಹಿಡಿದಿದೆ. ಆ ಪೆಟ್ಟಿಗೆ ತನ್ನದು ಎಂದು ಅವಳು ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ.

ಲೊವ್ರೆನ್ಸ್ ಅಜ್ಜ ಮಕ್ಕಳನ್ನು ಗೋಳು ಹೊಯ್ದುಕೊಂಡೇ ಕಲಿಸುತ್ತಿದ್ದರು. ನಮ್ಮ ತರಗತಿಯ ತುಂಟ ಗಾಶ್ಪರ್ ಹುಳು ಕಂಡರೆ ಕೈ ಬೀಸುತ್ತಿದ್ದ. "ಕೈ ಇಳಿಸೋ ಮಹಾರಾಯ, ಅವೇನು ರೈಲು ಹತ್ತಿ ಹೊರಟಿಲ್ಲ ನೀನು ಬೀಳ್ಕೊಡೋಕೆ" ಎನ್ನುತ್ತಿದ್ದರು. ಪೆಟ್ಟಿಗೆಗೆ ಕಿವಿ ಇಟ್ಟು ಒಳಗಿನ ಸದ್ದು ಕೇಳುವುದನ್ನು ಮಕ್ಕಳಿಗೆ ಕಲಿಸಿದ್ದೂ ಅವರೇ. ಜೇನಿಗೆ ಸಾವಿನ ಸುದ್ದಿ ಹೇಳಬೇಕು ಎಂಬುದನ್ನು ಮೊಮ್ಮಗಳ ತಲೆಯಲ್ಲಿ ತುಂಬಿದ್ದೂ ಅವರೇ.

ಆ ಚಳಿಗಾಲಕ್ಕೆ ಸರಿಯಾಗಿ ಮೇಲಿನಿಂದ ನಮಗೊಂದು ದೊಡ್ಡ ಚಿತ್ರಪಟ ಬಂತು, ಹವಾಮಾನ ಬದಲಾವಣೆಯ ಪಾಠ ಮಾಡಿ ಎಂದು. ಕರಗುತ್ತಿರುವ ಮಂಜುಗಡ್ಡೆಯ ಮೇಲೆ ಒಂಟಿ ಬಿಳಿ ಕರಡಿ. ಮಕ್ಕಳು ಅಯ್ಯೋ ಪಾಪ ಎಂದವು. ಗಾಶ್ಪರ್ ಎದ್ದು ನಿಂತು, "ಟೀಚರ್, ಅದನ್ನ ಇಲ್ಲಿಗೇ ಕರ್ಕೊಂಡು ಬಂದ್ಬಿಡೋಣ. ನಮ್ಮನೆ ಫ್ರೀಜರ್ ಸಖತ್ ದೊಡ್ಡದಿದೆ" ಎಂದ. ಎಲ್ಲರೂ ನಕ್ಕರು, ಗಂಟೆ ಹೊಡೆಯಿತು, ಊಟಕ್ಕೆ ಓಡಿದರು. ನನಗೆ ಆ ಚಿತ್ರಪಟದ ಮೇಲೆ ಸಿಟ್ಟು ಬಂತು. ಆ ವಾರವೇ ನಮ್ಮ ಕಾಡಿನ ಕಂದು ಕರಡಿ, ಗವಿ ಸೇರಿ ಮಲಗಬೇಕಾದ ಹೊತ್ತಿನಲ್ಲಿ, ಚರ್ಚಿನ ಹಿಂದಿನ ಕಸದ ಡಬ್ಬಿ ಉರುಳಿಸಿ ಹೋಗಿತ್ತು. ಅದಕ್ಕೆ ಯಾರೂ ಅಯ್ಯೋ ಪಾಪ ಅನ್ನಲಿಲ್ಲ, ಬೇಟೆಯವರಿಗೆ ಫೋನ್ ಮಾಡಿದರು.

ಡಿಸೆಂಬರ್ ಮೊದಲ ವಾರ, ಜೇನು ಸಾಕುವವರ ಸಂತ ಅಂಬ್ರೋಸನ ಹಬ್ಬ. ಆ ದಿನ ಮೊಣಕಾಲುದ್ದ ಹಿಮ ಇದ್ದದ್ದನ್ನು ನಾನು ಕಂಡಿದ್ದೇನೆ. ಆ ವರ್ಷ ಮಕ್ಕಳು ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಜೇನುಮನೆಯ ಮುಂದೆ ನಿಂತಿದ್ದವು.

"ಅಜ್ಜಾ, ನೋಡಲ್ಲಿ! ಕಾಲಿಗೆ ಹಳದಿ ಹಚ್ಕೊಂಡು ಬರ್ತಿದಾವೆ!" ಎಂದು ಕೂಗಿದ್ದು ತಿಂಕಾರಾ. ಬೇಟೆಗಾರನ ಪೆಟ್ಟಿಗೆಯ ಬಾಯಲ್ಲಿ ಹುಳುಗಳು ಪರಾಗ ಹೊತ್ತುಕೊಂಡು ಇಳಿಯುತ್ತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಮಗುವನ್ನು ಹೊಗಳುತ್ತಿದ್ದರು. ಅಜ್ಜ ಬಗ್ಗಿ ಪೆಟ್ಟಿಗೆಯ ಬಾಯನ್ನೇ ನೋಡಿದರು. "ಆ ಪುಡಿ ಮರಿಗಳ ಊಟ ಪುಟ್ಟಾ," ಎಂದರು. "ಅಂದ್ರೆ ಒಳಗೆ ರಾಣಿ ಇನ್ನೂ ಮೊಟ್ಟೆ ಇಡ್ತಾನೇ ಇದಾಳೆ. ಈಗ ಅವಳು ಸುಮ್ನೆ ಮಲಗಬೇಕು." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಪೊಲೋನಾ, ಇವು ಈ ಸಲ ನಿದ್ದೆಗೆಟ್ಟಿವೆ ಕಣಮ್ಮ. ನನಗೆ ಇದು ಹಿಡಿಸ್ತಿಲ್ಲ."

ಹೊಸ ವರ್ಷ ಬರುವಷ್ಟರಲ್ಲಿ ಲೊವ್ರೆನ್ಸ್ ಅಜ್ಜ ಹೋದರು. ಬೆಳಗ್ಗೆ ಕಾಫಿ ಕುಡಿಯುತ್ತಾ ಕೂತವರು ಕೂತಲ್ಲೇ ಒರಗಿಕೊಂಡರಂತೆ. ಅವರ ಹೆಂಡತಿ ಜೋಫ್ಕಾ ಗಟ್ಟಿ ಹೆಂಗಸು. ಪಾದ್ರಿಗೆ ಫೋನ್ ಮಾಡಿದಳು, ರಾಜಧಾನಿ ಲ್ಯುಬ್ಲಿಯಾನಾದಲ್ಲಿ ನರ್ಸ್ ಆಗಿರುವ ಮಗಳಿಗೆ, ಅಂದರೆ ತಿಂಕಾರಾಳ ಅಮ್ಮನಿಗೆ, ಫೋನ್ ಮಾಡಿದಳು, ಆಮೇಲೆ ಮೊಮ್ಮಗಳ ತಲೆ ಸವರಿ, "ನೀನೇ ಅವರ ಮುದ್ದಿನ ಮೊಮ್ಮಗಳು. ಹೋಗು, ಜೇನಿಗೆ ನೀನೇ ಹೇಳಿ ಬಾ" ಎಂದಳು. ಮಗು ಹೋಯಿತು, ಬಂತು, ಹೇಳಿದೆ ಎಂದಿತು. ಹೇಳಿರಲಿಲ್ಲ. ಇಡೀ ಊರಿಗೆ ಮಾತ್ರ ತಿಂಕಾರಾ ಎಷ್ಟು ಧೈರ್ಯದ ಹುಡುಗಿ, ತಾನೇ ಹೋಗಿ ಹೇಳಿ ಬಂದಳಂತೆ ಎಂದು ಸುದ್ದಿಯಾಯಿತು.

ಮಣ್ಣು ಮಾಡಿದ ದಿನ ಬಿಸಿಲು ಏಪ್ರಿಲ್‌ನ ಹಾಗಿತ್ತು. ಗಂಡಸರು ಕೋಟು ತೋಳಿನ ಮೇಲೆ ಹಾಕಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದರು. ಸಮಾಧಿಯ ಸುತ್ತ ಪುಷ್ಪಚಕ್ರಗಳು, ಜೇನುಮೇಣದ ದಪ್ಪ ಮೇಣದಬತ್ತಿಗಳು. ಪಾದ್ರಿ ಪ್ರಾರ್ಥನೆ ಓದುತ್ತಿದ್ದಾಗ ಮೊದಲು ಒಂದು ಹುಳು ಬಂತು, ಆಮೇಲೆ ಇನ್ನಷ್ಟು. ಶವಪೆಟ್ಟಿಗೆಯ ಹತ್ತಿರ, ಹೂಗಳ ಮೇಲೆ, ಮೇಣದಬತ್ತಿಯ ಬುಡದಲ್ಲಿ ಕೂತು ಎದ್ದು ಸುತ್ತತೊಡಗಿದವು.

"ನೋಡ್ರಪ್ಪಾ, ಯಜಮಾನನ್ನ ಬೀಳ್ಕೊಡೋಕೆ ಬಂದಿದಾವೆ!" ಎಂದು ಜೋಫ್ಕಾ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳುವನ್ನೆಲ್ಲ ಬಿಟ್ಟುಬಿಟ್ಟಳು. ಸುತ್ತ ಇದ್ದವರೆಲ್ಲ ಅತ್ತರು. ನಡು ಚಳಿಗಾಲದಲ್ಲಿ ಜೇನು ಹೊರಗೆ ಹಾರುವುದೆಂದರೆ ಒಳಗಿನ ಬುತ್ತಿ ಖಾಲಿಯಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಆದರೂ ನನ್ನ ಕಣ್ಣೂ ತುಂಬಿ ಬಂತು. ಅಳದೆ ಇದ್ದವಳು ತಿಂಕಾರಾ ಒಬ್ಬಳೇ. ಮುಖ ಬಿಳುಚಿಕೊಂಡು ಅಮ್ಮನ ಬೆನ್ನ ಹಿಂದೆ ಅವಿತುಕೊಂಡಿದ್ದಳು. ಜೇನು ಬೀಳ್ಕೊಡಲು ಬಂದಿವೆ ಎಂದು ನಾವೆಲ್ಲ ಅಂದುಕೊಂಡ ಹೊತ್ತಿನಲ್ಲಿ, ಅಜ್ಜನನ್ನು ಹುಡುಕಿಕೊಂಡು ಬಂದಿವೆ ಎಂದು ಅವಳೊಬ್ಬಳಿಗೆ ತಿಳಿದಿತ್ತು.

ಅಂದಿನಿಂದ ಅವಳು ಜೇನು ಬಳಗಕ್ಕೆ ಬರಲಿಲ್ಲ. ಜೇನುಮನೆ ಕಣ್ಣಿಗೆ ಬೀಳಬಾರದೆಂದು ಅಂಗಡಿಯ ಕಡೆಯಿಂದ ಸುತ್ತು ಹಾಕಿ ಮನೆಗೆ ಹೋಗುತ್ತಿದ್ದಳು. ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನ ಮತ್ತು ಮಕ್ಕಳ ಮೇಲೆ ಬಿತ್ತು. ಫೆಬ್ರವರಿಯಲ್ಲೇ ಚೆರ್ರಿ ಮರಗಳು ಮೊಗ್ಗು ಬಿಟ್ಟವು. ಪೆಟ್ಟಿಗೆ ಎತ್ತಿ ನೋಡಿದರೆ ಹಗುರ. ಸಕ್ಕರೆ ಪಾಕದ ಮುದ್ದೆ ಮಾಡಿ ಇಟ್ಟೆವು. ಮಾರ್ಚ್ ಬಂದ ಮೇಲೆ, ಎಲ್ಲರೂ ಬೆಚ್ಚನೆಯ ಬಟ್ಟೆ ಒಳಗಿಟ್ಟ ಮೇಲೆ, ಚಳಿಗಾಲಕ್ಕೆ ತಾನು ಬರಬೇಕೆಂಬುದು ಆಗ ನೆನಪಾಯಿತು. ಒಂದು ವಾರ ಹಿಮ ಸುರಿಯಿತು, ನಲ್ಲಿಯಲ್ಲಿ ನೀರು ಕಲ್ಲಾಯಿತು, ಚೆರ್ರಿ ಮೊಗ್ಗೆಲ್ಲ ಕಪ್ಪಾಗಿ ಉದುರಿದವು.

ಹಿಮ ಕರಗಿದ ಗುರುವಾರ ಮಕ್ಕಳನ್ನು ಕರೆದುಕೊಂಡು ಜೇನುಮನೆಯೊಳಗೆ ಹೋದೆ. ಎಲ್ಲರೂ ಅಜ್ಜ ಕಲಿಸಿದ ಹಾಗೆ ಪೆಟ್ಟಿಗೆಗಳಿಗೆ ಕಿವಿ ಇಟ್ಟರು.

"ಟೀಚರ್, ಮಲಗಿರ್ಬೇಕು," ಎಂದ ಗಾಶ್ಪರ್.

ಹಿಂಬಾಗಿಲು ತೆಗೆದೆ. ತಳದಲ್ಲಿ ಸತ್ತ ಹುಳುಗಳು ಹುರಿದ ಹುರುಳಿಯ ಹಾಗೆ ರಾಶಿ ಬಿದ್ದಿದ್ದವು. ಮೇಣದ ಕೋಶಗಳ ಎರಿಯ ನಡುವೆ ಒಂದು ಹಿಡಿಯಷ್ಟು ಹುಳು, ಒಂದರ ಮೇಲೊಂದು ಒತ್ತಿಕೊಂಡು, ಹಾಗೇ ಗಟ್ಟಿಯಾಗಿದ್ದವು. ಪಕ್ಕದ ಪೆಟ್ಟಿಗೆಯಲ್ಲೂ ಹಾಗೇ. ಅದರ ಪಕ್ಕದ್ದರಲ್ಲೂ. ಒಂದು ಹುಡುಗಿ ಬಿಕ್ಕತೊಡಗಿದಳು.

ಆಗ ಗಾಶ್ಪರ್, ಆ ಬಾಯಿಬಡುಕ, "ನಂಗೊತ್ತು ಯಾಕಂತ. ಲೊವ್ರೆನ್ಸ್ ಅಜ್ಜ ಹೋಗಿದ್ದನ್ನ ಜೇನಿಗೆ ಸರಿಯಾಗಿ ಹೇಳಿಲ್ಲ, ಅದಕ್ಕೇ. ಹೇಳದಿದ್ರೆ ಹೀಗೇ ಆಗತ್ತೆ ಅಂತ ನಮ್ಮಜ್ಜಿ ಹೇಳ್ತಿದ್ರು" ಎಂದ.

"ಬಾಯಿ ಮುಚ್ಚೋ!" ಎಂದು ರೇಗಿದೆ. "ಯಾಕೆ ಹೇಳಿಲ್ಲ? ತಿಂಕಾರಾ ತಾನೇ ಹೋಗಿ ಹೇಳಿ ಬಂದಿದಾಳೆ. ಬೇಕಾದ್ರೆ ಅವಳನ್ನೇ ಕೇಳು."

ಬಾಗಿಲ ಕಡೆ ಸದ್ದಾಯಿತು. ತಿಂಕಾರಾ ಯಾವಾಗ ಬಂದು ಹೊಸ್ತಿಲಲ್ಲಿ ನಿಂತಿದ್ದಳೋ ಗೊತ್ತಿಲ್ಲ. ತಳದ ರಾಶಿಯನ್ನು ನೋಡಿದಳು, ನನ್ನನ್ನು ನೋಡಿದಳು, ಚೀಲ ಅಲ್ಲೇ ಬಿಟ್ಟು ಓಡಿದಳು. ಆ ಕ್ಷಣಕ್ಕೆ ನನಗೆ ಎಲ್ಲ ಅರ್ಥವಾಯಿತು.

ಮಕ್ಕಳನ್ನು ಮನೆಗೆ ಕಳಿಸಿ ಜೋಫ್ಕಾಳ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಈಸ್ಟರ್ ಹಬ್ಬಕ್ಕೆಂದು ಅಕ್ರೋಟು ಒಡೆಯುತ್ತಿದ್ದಳು.

"ಒಲೆ ಕಟ್ಟಿಗೆ ಕೊಟ್ಟಿಗೇಲಿ ಕೂತಿದಾಳೆ ನೋಡಮ್ಮ, ಕರೆದ್ರೆ ಬರ್ತಿಲ್ಲ" ಎಂದಳು. "ಏನಾಗಿದೆ ಇದಕ್ಕೆ ಅಂತ ನಂಗಂತೂ ತಿಳೀತಿಲ್ಲ ಪೊಲೋನಾ. ಜೇನುತುಪ್ಪ ಅಂದ್ರೆ ಪ್ರಾಣ ಬಿಡ್ತಿದ್ದ ಮಗು, ಈಗ ರೊಟ್ಟಿಗೆ ಸವರಿ ಕೊಟ್ರೆ ಮುಖ ತಿರುಗಿಸ್ತದೆ."

ಕೊಟ್ಟಿಗೆಯಲ್ಲಿ ಕಟ್ಟಿಗೆ ರಾಶಿಯ ಸಂದಿಯಲ್ಲಿ ಮಂಡಿಗೆ ಗಲ್ಲ ಊರಿ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ನನ್ನ ಮೈ ಆ ಸಂದಿಗೆ ಹಿಡಿಸುವಂಥದ್ದಲ್ಲ, ಅರ್ಧ ಕಟ್ಟಿಗೆ ಉರುಳಿತು. ಬೇರೆ ದಿನವಾಗಿದ್ದರೆ ನಗುತ್ತಿದ್ದಳು.

"ಹೇಳ್ಲಿಲ್ಲ ಅಲ್ವಾ?" ಎಂದೆ.

ತಲೆ ಅಲ್ಲಾಡಿಸಿದಳು. "ಹೋದೆ ಟೀಚರ್. ಕೈ ಎತ್ತಿದೆ. ತಟ್ಟಕ್ಕೆ ಆಗ್ಲಿಲ್ಲ. ಹೇಳಿದ್ರೆ ಅಜ್ಜ ನಿಜವಾಗ್ಲೂ ಹೋಗ್ಬಿಡ್ತಾರೆ ಅನ್ನಿಸ್ತು. ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಅವು ಸಮಾಧಿ ಹತ್ರ ಹುಡುಕ್ಕೊಂಡು ಬಂದ್ವು. ಆಗ ಭಯ ಆಯ್ತು." ಮೂಗು ಒರೆಸಿಕೊಂಡಳು. "ನಾನೇ ಕೊಂದಿದ್ದು."

"ಹುಚ್ಚಿ, ಅದೆಲ್ಲ ಹಳೇ ಕಾಲದ ಮಾತು. ಜೇನಿಗೆ ನಮ್ಮ ಭಾಷೆ ಬರತ್ತಾ?"

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. "ಹಾಗಾದ್ರೆ ಅಜ್ಜ ನಂಗೆ ಸುಳ್ಳು ಹೇಳ್ತಿದ್ರಾ?"

ಸತ್ತ ಅಜ್ಜನನ್ನು ಸುಳ್ಳುಗಾರನನ್ನಾಗಿ ಮಾಡಿ ಮಗುವನ್ನು ಸಮಾಧಾನ ಮಾಡುವುದು ನನ್ನಿಂದಾಗುವ ಕೆಲಸವಲ್ಲ. ನಿನ್ನ ತಪ್ಪಲ್ಲ ಎಂದು ನೂರು ಸಲ ಹೇಳಬಹುದಿತ್ತು. ಅದು ದೊಡ್ಡವರು ಮಕ್ಕಳ ಬಾಯಿ ಮುಚ್ಚಿಸಲು ಹೇಳುವ ಮಾತು ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವಳಿಗೆ ಬೇಕಾದದ್ದು ಕಣ್ಣಾರೆ ಕಾಣುವ ಕಾರಣ.

"ಏಳು," ಎಂದೆ. "ಬೋರುಟ್ ತಾತನ ಮನೆಗೆ ಹೋಗಿ ಬರೋಣ."

ಬೋರುಟ್ ಊರಾಚೆ ಇಳಿಜಾರಿನಲ್ಲಿದ್ದ. ಎಂಬತ್ತು ದಾಟಿದ ಒಂಟಿ ಮುದುಕ, ಜೀವಮಾನವೆಲ್ಲ ಜೇನು ಸಾಕಿದವನು, ಲೊವ್ರೆನ್ಸ್‌ನ ಜತೆ ಮೂರು ದಶಕ ಜಗಳವಾಡಿಕೊಂಡೇ ಸ್ನೇಹ ಉಳಿಸಿಕೊಂಡವನು. ಬಾಗಿಲಲ್ಲಿ ಕೂತು ಪೈಪ್ ಸೇದುತ್ತಿದ್ದ.

"ತಾತಾ, ನಿಮ್ಮ ಜೇನು ಹೇಗಿವೆ?" ಎಂದೆ.

"ಯಾಕೆ, ಅಣಕಿಸೋಕೆ ಬಂದ್ಯಾ?" ಎಂದು ಗುರುಗುಟ್ಟಿದ. "ಹಿಂದಿನ ಸಾಲು ಪೂರ್ತಿ ಹೋಯ್ತು. ಮುಂದಿನದ್ರಲ್ಲಿ ಒಂದೋ ಎರಡೋ ಉಸಿರಾಡ್ತಿದಾವೆ."

ತಿಂಕಾರಾ ನನ್ನ ಕೈ ಬಿಟ್ಟು ಅವನ ಎದುರು ಹೋಗಿ ನಿಂತಳು. "ತಾತಾ, ನಿಮ್ಮನೇಲಿ ಯಾರು ತೀರಿಕೊಂಡ್ರು?"

"ಏನಂದೆ?"

"ಜೇನಿಗೆ ಹೇಳ್ಬೇಕಾದೋರು. ಯಜಮಾನ."

"ಯಜಮಾನ ನಾನೇ ಕಣೇ! ನಾನು ಸತ್ತಿದೀನಾ? ಮುಟ್ಟಿ ನೋಡು ಬೇಕಾದ್ರೆ!" ಎಂದು ಗಂಟುಗಂಟಾದ ಕೈ ಚಾಚಿದ. "ದಿನಾ ಬೆಳಗ್ಗೆ ಹೋಗಿ ಅವಕ್ಕೆ ಎಲ್ಲಾ ಹೇಳ್ತೀನಿ. ಮಂಡಿ ನೋವು ಹೇಳ್ತೀನಿ, ಪಂಚಾಯ್ತಿಯೋರನ್ನ ಬೈದಿದ್ದು ಹೇಳ್ತೀನಿ. ಇಷ್ಟೆಲ್ಲ ಹೇಳಿದ್ರೂ ತೀರ್ಕೊಂಡವು. ನಿಮ್ಮಜ್ಜ ಇದ್ದಿದ್ರೆ, ನಿನ್ನ ಕೊರೆತ ತಾಳ್ಲಾರ್ದೆ ತೀರ್ಕೊಂಡವು ಬೋರುಟ್ ಅಂತಿದ್ದ." ನಗಲು ಹೋದವನ ದನಿ ಒಡೆಯಿತು. ಮುಖ ಆಚೆ ತಿರುಗಿಸಿಕೊಂಡ.

ತಿಂಕಾರಾ ನಿಜವಾಗಿಯೂ ಅವನ ಕೈ ಮುಟ್ಟಿ ನೋಡಿದಳು. ಆಮೇಲೆ ಹಿಂದಿನ ಸಾಲಿನ ಪೆಟ್ಟಿಗೆಗಳಿಗೆ ಒಂದೊಂದಾಗಿ ಕಿವಿ ಇಟ್ಟು ಬಂದಳು. ಹಿಂದಿರುಗುವಾಗ ಈ ಸಲ ಅಂಗಡಿಯ ಕಡೆಗೆ ಸುತ್ತು ಹಾಕದೆ ನೇರ ಅಜ್ಜನ ಜೇನುಮನೆಯ ದಾರಿ ಹಿಡಿದಳು. ನಾನು ಹಿಂದೆ ನಡೆದೆ.

ಒಳಗೆ ಸಂಜೆಯ ಬಿಸಿಲು ಸಂದಿಗಳಿಂದ ಬರುತ್ತಿತ್ತು. ಸತ್ತ ಪೆಟ್ಟಿಗೆಯಿಂದ ಒಂದು ಎರಿ ಎಳೆದು ಅವಳ ಕೈಗೆ ಕೊಟ್ಟೆ. "ಏನು ಕಾಣ್ತಿದೆ ಹೇಳು" ಎಂದೆ. ನಾನು ಪಾಠ ಮಾಡುವುದೇ ಹಾಗೆ, ಮೊದಲು ನೋಡಿಸುತ್ತೇನೆ.

"ನಡುವೆ ಮುಚ್ಚಳ ಹಾಕಿರೋ ಮರಿ ಮನೆ. ಅದರ ಮೇಲೆ ಸತ್ತಿರೋ ಹುಳ, ಒತ್ಕೊಂಡು ಕೂತಿದಾವೆ." ಬೆರಳು ಆಚೆ ಸರಿಸಿದಳು. "ಇಲ್ಲಿ ಮೂಲೇಲಿ ತುಪ್ಪ ಇನ್ನೂ ಇದೆ! ಇಷ್ಟು ಹತ್ರ ಇದ್ರೂ ಯಾಕೆ ತಿನ್ಲಿಲ್ಲ?"

"ಮರಿಗಳನ್ನ ಬಿಟ್ಟು ಹೋಗ್ಲಿಲ್ಲ," ಎಂದೆ. "ಸರಿಯಾದ ಚಳಿಗಾಲದಲ್ಲಿ ಮರಿ ಇರಲ್ಲ ಪುಟ್ಟಾ. ಎಲ್ಲಾ ಸೇರಿ ಚೆಂಡಿನ ಹಾಗೆ ಒತ್ಕೊಂಡು, ರಾಣೀನ ನಡುವೆ ಇಟ್ಕೊಂಡು, ಚೂರು ಚೂರೇ ತಿಂತಾ ತುಪ್ಪದ ಕಡೆ ಸರೀತಾ ಹೋಗ್ತವೆ. ಈ ಸಲ ಚಳಿ ಬರ್ಲಿಲ್ಲ. ವಸಂತ ಬಂತು ಅಂದ್ಕೊಂಡು ರಾಣಿ ಮೊಟ್ಟೆ ಇಡ್ತಾನೇ ಹೋದ್ಲು. ಮರಿ ಸಾಕಿ ಸಾಕಿ ದೊಡ್ಡ ಹುಳ ಸವೆದು ಹೋದ್ವು. ಹತ್ರದ ಬುತ್ತಿ ಬೇಗ ಮುಗೀತು. ಮರಿ ಮನೇಲೇ ಹುಟ್ಟಿ ಹುಳಗಳ ಜೀವ ಹೀರೋ ಉಣ್ಣಿ ಬೇರೆ, ಅದಕ್ಕೂ ಸುಗ್ಗಿ. ಆಮೇಲೆ ಮಾರ್ಚಲ್ಲಿ ಚಳಿ ಬಂದಾಗ ಉಳಿದಿದ್ದು ಇಷ್ಟೇ ಇಷ್ಟು. ಮರಿಗಳನ್ನ ಬೆಚ್ಚಗಿಡಬೇಕು, ಬಿಟ್ಟು ತುಪ್ಪದ ಹತ್ರ ಹೋಗೋ ಹಾಗಿಲ್ಲ."

ಅವಳು ಎರಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಸತ್ತ ಹುಳುಗಳ ಮೇಲೆ ಕೈ ಮುಚ್ಚಿದಳು.

"ಶುರುವಾಗಿದ್ದು ಯಾವಾಗ ಅಂತ ನಿಂಗೇ ಗೊತ್ತು," ಎಂದೆ. "ಮೊದಲು ನೋಡಿದ್ದು ನೀನೇ."

ಹುಬ್ಬು ಗಂಟಿಕ್ಕಿ ಯೋಚಿಸಿದಳು. ಮಗುವೊಂದು ತಾನಾಗಿಯೇ ಉತ್ತರದ ಹತ್ತಿರ ಬರುವಾಗ ಬಾಯಿ ಹಾಕಬಾರದು.

"ಹಳದಿ ಪುಡಿ," ಎಂದಳು ನಿಧಾನಕ್ಕೆ. "ಅಂಬ್ರೋಸನ ಹಬ್ಬದ ದಿನ. ಅಜ್ಜ ಆಗ..." ಕಣ್ಣು ಅಗಲವಾಯಿತು. "ಅಜ್ಜ ಆಗ ಇದ್ರು!"

"ಹೌದು, ಇದ್ರು."

"ಅಜ್ಜಂಗೆ ಗೊತ್ತಾಗಿತ್ತು!"

"ಗೊತ್ತಾಗಿತ್ತು. ನನ್ನ ಹತ್ರ ಹೇಳಿದ್ರು. ಅವರಿಂದ್ಲೂ ಏನೂ ಮಾಡೋಕಾಗ್ತಿರ್ಲಿಲ್ಲ."

ಆಗ ಅತ್ತಳು. ಸಮಾಧಿಯ ಹತ್ತಿರ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ಎದೆಗೊತ್ತಿಕೊಂಡು ಕೂತೆ, ಅವಳ ಕೂದಲಲ್ಲಿ ಕಟ್ಟಿಗೆಯ ಪುಡಿ ಇತ್ತು. ಕಲ್ಲು ಇಳಿಯಿತು, ಪಾಠ ಮುಗಿಯಿತು ಎಂದು ನನಗೆ ಖುಷಿಯೇ ಆಯಿತೆನ್ನಿ. ಪಾಠ ಎಲ್ಲಿ ಮುಗಿಯಿತು? ಕಣ್ಣೊರೆಸಿಕೊಂಡು ಅವಳು ಮುಂದಿನ ಪ್ರಶ್ನೆ ಕೇಳಿದಳು.

"ಹಾಗಾದ್ರೆ ಯಾರ ತಪ್ಪು? ಚಳಿಗಾಲನ ಯಾರು ಕೆಡಿಸಿದ್ದು?"

ಪುಸ್ತಕದಲ್ಲಿ ಉತ್ತರ ಇದೆ. ಕಲ್ಲಿದ್ದಲು, ಪೆಟ್ರೋಲ್, ಹೊಗೆ, ಕಡಿದ ಕಾಡು. ಬೋರ್ಡಿನ ಮೇಲೆ ಅದನ್ನು ಎಷ್ಟೋ ಸಲ ಬರೆದಿದ್ದೇನೆ, ಮಕ್ಕಳು ಅಂದವಾಗಿ ಬರೆದುಕೊಂಡಿದ್ದಾರೆ. ಮಡಿಲಲ್ಲಿ ಸತ್ತ ಎರಿ ಇಟ್ಟುಕೊಂಡು ಕೂತ ಮಗುವಿಗೆ ಅದನ್ನು ಒಪ್ಪಿಸಲು ನಾಚಿಕೆಯಾಯಿತು.

"ದೊಡ್ಡೋರದು," ಎಂದೆ. "ನಮ್ಮೂರಿನೋರು, ಬೇರೆ ಊರಿನೋರು, ಎಲ್ಲಾ ದೇಶದ ದೊಡ್ಡೋರು. ಕೆಲವರದು ಜಾಸ್ತಿ, ಕೆಲವರದು ಕಡಿಮೆ. ತುಂಬ ವರ್ಷದಿಂದ ಮಾಡ್ತಾ ಬಂದಿದೀವಿ. ಗೊತ್ತಾದ ಮೇಲೂ ಮಾಡ್ತಾ ಇದೀವಿ."

"ನಿಮ್ಮದೂ ಇದ್ಯಾ?"

"ನಂದೂ ಇದೆ."

"ನಂದು?"

"ನೀನಿನ್ನೂ ಹುಟ್ಟೇ ಇರ್ಲಿಲ್ಲ ಕಂದಾ."

ಅವಳು ಎದ್ದು ಎರಿಯನ್ನು ಜೋಪಾನವಾಗಿ ಒಳಗೆ ಸೇರಿಸಿ, ಸಾಲಿನ ಕೊನೆಯಲ್ಲಿದ್ದ ಬೇಟೆಗಾರನ ಪೆಟ್ಟಿಗೆಗೆ ಕಿವಿ ಇಟ್ಟಳು. ಮಧ್ಯಾಹ್ನ ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ, ಅವಳದೆಂದು ಮಕ್ಕಳೂ ಅದನ್ನು ಮುಟ್ಟಿರಲಿಲ್ಲ. ಅವಳು ನನ್ನನ್ನು ಕೈಸನ್ನೆಯಲ್ಲಿ ಕರೆದಳು. ನಾನೂ ಕಿವಿ ಇಟ್ಟೆ. ದೂರದಲ್ಲೆಲ್ಲೋ ನೀರು ಕಾಯುತ್ತಿರುವಷ್ಟು ಸಣ್ಣ ಸದ್ದು. ಇದ್ದವು. ಕೆಲವೇ ಇದ್ದವು, ಆದರೆ ಇದ್ದವು.

ತಿಂಕಾರಾ ಬೆರಳು ಮಡಚಿ ಗೆಣ್ಣಿನಿಂದ ತಟ್ಟಿದಳು.

"ಅಜ್ಜ ತೀರಿಕೊಂಡ್ರು," ಎಂದಳು. "ಹೊಸ ವರ್ಷಕ್ಕೆ ಮುಂಚೆನೇ. ಆವತ್ತೇ ಹೇಳ್ಬೇಕಿತ್ತು, ನಂಗೆ ಆಗ್ಲಿಲ್ಲ. ಇನ್ನು ಮೇಲೆ ನಿಮ್ಮನ್ನ ನಾನು ನೋಡ್ಕೋತೀನಿ." ಒಳಗಿನ ಸದ್ದು ಒಂದು ಕ್ಷಣ ಏರಿ ಇಳಿಯಿತು. ಪೆಟ್ಟಿಗೆ ತಟ್ಟಿದರೆ ಜೇನು ಹಾಗೆ ಗುಂಯ್ ಎನ್ನುವುದು ಸಹಜ, ನಾನು ಬಲ್ಲೆ. ಅವಳು ಮಾತ್ರ ಉತ್ತರ ಬಂತು ಎಂಬಂತೆ ತಲೆದೂಗಿದಳು.

ಆಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು.

"ಈಗ ನೀವು ಹೇಳಿ ಟೀಚರ್."

"ನಾನು ಏನು ಹೇಳ್ಲಿ?"

"ಚಳಿಗಾಲ ಹೋಯ್ತು ಅಂತ. ಅದನ್ನ ಇವಕ್ಕೆ ಇನ್ನೂ ಯಾರೂ ಹೇಳಿಲ್ಲ ಅಲ್ವಾ? ಅದಕ್ಕೇ ಇವು ಏನ್ಮಾಡ್ಬೇಕು ಅಂತ ತಿಳೀದೆ ಹೀಗಾಗಿದ್ದು. ಅದನ್ನ ದೊಡ್ಡೋರೇ ಹೇಳ್ಬೇಕು."

ಇಪ್ಪತ್ತೈದು ವರ್ಷದಿಂದ ವಿಜ್ಞಾನ ಹೇಳಿಕೊಡುವವಳು ನಾನು. ಮರದ ಪೆಟ್ಟಿಗೆಯ ಜತೆ ಮಾತಾಡುವವಳಲ್ಲ. ಅವಳು ಬಿಡಲಿಲ್ಲ, ನನ್ನನ್ನೇ ನೋಡುತ್ತಾ ನಿಂತಳು. ಬೆರಳು ಮಡಚಿ ತಟ್ಟಿದೆ.

"ನಿಮ್ಮ ಚಳಿಗಾಲ ಹೋಯ್ತು," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ಇನ್ನು ಮೇಲೆ..."

ಇನ್ನು ಮೇಲೆ ನಾವು ನೋಡಿಕೊಳ್ಳುತ್ತೇವೆ. ಹೇಳಬೇಕಾದದ್ದು ಇಷ್ಟೇ. ಅಮ್ಮ ಹೇಳಿದ್ದಳು, ಅವಳಮ್ಮ ಹೇಳಿದ್ದಳು, ಈಗಷ್ಟೇ ಒಂಬತ್ತು ವರ್ಷದ ಹುಡುಗಿ ಹೇಳಿದ್ದಳು. ಗೊತ್ತಿದ್ದೂ ಕೆಡಿಸುತ್ತಿರುವ ನಾನು ಅದನ್ನು ಯಾವ ಬಾಯಲ್ಲಿ ಹೇಳಲಿ? ಕೈ ಎತ್ತಿಕೊಂಡು ನಿಂತೇ ಇದ್ದೆ. ಒಳಗೆ ಆ ಸಣ್ಣ ಸದ್ದು ಕಾಯುತ್ತಿತ್ತು.

ತಿಂಕಾರಾ ನನ್ನ ಇನ್ನೊಂದು ಕೈ ಹಿಡಿದುಕೊಂಡಳು.

"ನಂಗೂ ಹೀಗೇ ಆಗಿತ್ತು ಟೀಚರ್," ಎಂದಳು. "ಹೇಳ್ದೆ ಮಾತ್ರ ಹೋಗ್ಬೇಡಿ."